ಇಲ್ಲದ ಚರಂಡಿಯ ಲೆಕ್ಕ

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯತ್ತ ಸಾಗುವ ಪಯಣಿಗನಿಗೆ ಜೊತೆಗಾತಿಯಾಗಿ ಬರುವವಳು ವೃಷಭಾವತಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂಬ ಪ್ರತೀತಿಯುಳ್ಳ ಈ ಹೊಳೆ, ಗಾಳಿ ಆಂಜನೇಯನ ಗುಡಿಯನ್ನು ಹಾದು, ನಗರದ ಕೊಳಚೆಯನ್ನು ಹೊತ್ತು ಹರಿಯುತ್ತಾಳೆ. ಕೆಂಗೇರಿಗೆ ಮುನ್ನ ಎಡಗಡೆಗೆ ಕಾಣುವ ಕಮಾನನ್ನು ಹೊಕ್ಕರೆ ರಾಜರಾಜೇಶ್ವರಿನಗರ. ಏರಿಳಿಯುವ ಬೀದಿಗಳ ಬಡಾವಣೆ.

2011ರಲ್ಲಿ ಈ ಪ್ರದೇಶಕ್ಕೆ ಬೇಡದ ಪ್ರಸಿದ್ಧಿಯೊಂದು ಬಂದಿತು. ಅಂದಿನ ಮಹಾನಗರ ಪಾಲಿಕೆಯ ರಾಜರಾಜೇಶ್ವರಿನಗರ, ಮಲ್ಲೇಶ್ವರ, ಗಾಂಧಿನಗರ ವಿಭಾಗಗಳಲ್ಲಿ ಕಾಮಗಾರಿ ನಡೆಸದೆಯೇ ಬಿಲ್ಲುಗಳನ್ನು ಸೃಷ್ಟಿಸಲಾಗಿದೆ ಎಂಬ ಆರೋಪವೆದ್ದಿತು. ಹಗರಣದ ಗಾತ್ರ 1,539 ಕೋಟಿ ರೂಪಾಯಿಯೆಂದು ಪತ್ರಿಕೆಗಳು ಬರೆದವು, ತನಿಖೆ ಸಿ.ಐ.ಡಿ.ಯ ಪಾಲಾಯಿತು.

ವಿದ್ಯೆ ಹಳೆಯದು. ನ್ಯೂಯಾರ್ಕಿನಲ್ಲಿ ಟ್ಯಾಮನಿ ಹಾಲ್ ಪಕ್ಷಕೂಟದ ಧಣಿ ವಿಲಿಯಂ ಟ್ವೀಡ್, ನ್ಯಾಯಾಲಯದ ಕಟ್ಟಡವೊಂದರ ಗಾರೆ, ಮರಗೆಲಸ, ಜಮಖಾನೆಗಳಿಗೆಲ್ಲ ಬಿಲ್ಲುಗಳನ್ನು ಹಿಗ್ಗಿಸಿ ಬೊಕ್ಕಸವನ್ನು ಬರಿದುಮಾಡಿದನು. 1871ರಲ್ಲಿ ಪತ್ರಿಕೆಯೊಂದು ಆ ಲೆಕ್ಕಗಳನ್ನೇ ಅಚ್ಚುಹಾಕಿತು. ಅಕ್ಷರ ಬಾರದವರಿಗೂ ಥಾಮಸ್ ನಾಸ್ಟನ ವ್ಯಂಗ್ಯಚಿತ್ರಗಳು ಗುಟ್ಟನ್ನು ತಿಳಿಸಿದವು. 1878ರಲ್ಲಿ ಟ್ವೀಡ್ ಸೆರೆಮನೆಯಲ್ಲೇ ಸತ್ತನು.

ಆದರೂ ನ್ಯೂಯಾರ್ಕಿನವರಿಗೆ ಕೊನೆಗೊಂದು ಕಟ್ಟಡವಾದರೂ ದಕ್ಕಿತು. ಅದು ಇಂದಿಗೂ ನಿಂತಿದೆ. ಕಟ್ಟದ ಚರಂಡಿಗೆ ತೆರಿಗೆ ತೆತ್ತ ಗೃಹಸ್ಥನಿಗೆ ದಕ್ಕುವುದೇನು? ಕಡತದಲ್ಲಿ ಚರಂಡಿ ಎಷ್ಟು ಅಂದವಾಗಿದ್ದರೂ ಮಳೆ ಕಡತವನ್ನು ಓದುವುದಿಲ್ಲ. ಇಳಿಜಾರನ್ನು ಮಾತ್ರ ಓದುತ್ತದೆ. ಆಷಾಢದ ರಾತ್ರಿ ಹೊಸ್ತಿಲು ದಾಟಿ ಬರುವ ನೀರೇ ಆ ಬಿಲ್ಲಿನ ನಿಜವಾದ ರಸೀದಿ.