ಏಳು ಸೀಳುಗಳ ಜೀಪು

ಕಳೆದ ತಿಂಗಳು ಇಂಡಿಯ ಲಿಂಬೆ ತೋಟವೊಂದರ ಬದುವಿನಲ್ಲಿ ವಿಚಿತ್ರವಾದೊಂದು ಹಳೆಯ ಪಿಕಪ್ ಗಾಡಿಯನ್ನು ಕಂಡೆ. ಮುಂಭಾಗ ಜೀಪಿನದು, ಹಿಂಭಾಗದಲ್ಲಿ ಚೌಕಟ್ಟನ್ನು ಕತ್ತರಿಸಿ, ಉದ್ದ ಬೆಸೆದು, ಜಾಲಿಹಲಗೆಯ ತೊಟ್ಟಿ ಕೂರಿಸಿದ್ದರು. ಸಿಂದಗಿಯ ಬಡಿಗರೊಬ್ಬರು ಹಲಗೆಯಲ್ಲಿ ಕೊರೆದ ಜೋಡೆತ್ತು ಇನ್ನೂ ಇತ್ತು. ಸಂದೇಹವೇ ಇಲ್ಲ, ನನ್ನ ತಂದೆಯವರ ಗಾಡಿ!

ಅದು ಎರಡನೆಯ ಮಹಾಯುದ್ಧ ಕಂಡ ಜೀಪೆಂದು ತಂದೆಯವರು ಹೇಳುತ್ತಿದ್ದರು. ಮುದ್ದೇಬಿಹಾಳದ ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಯುದ್ಧದ ಪಾಠದಲ್ಲಿ ನಾನೂ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದೆ.

ಜೊತೆಗೆ ಬಂದಿದ್ದವನು ಬಸವನ ಬಾಗೇವಾಡಿಯಲ್ಲಿ ಮೆಕ್ಯಾನಿಕ್ ಆಗಿರುವ ಹಳೆಯ ಶಿಷ್ಯ. ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿ, "ಏಳೇ ಅದಾವ್ರಿ ಸರ್. ಯುದ್ಧದ ಜೀಪಿಗೆ ಒಂಬತ್ತು" ಎಂದ. ಬಾನೆಟ್ಟೂ ಎತ್ತರವಾಗಿತ್ತು. ಅದು ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಸಿಜೆ-3ಬಿ ಮಾದರಿಯ ಲಕ್ಷಣ. ಅದರ ಹರಿಕೇನ್ ಎಂಜಿನ್ನಿನ ಒಳಸೇವನೆಯ ಕವಾಟಗಳು ಮೇಲ್ಭಾಗದಲ್ಲಿದ್ದುದರಿಂದ ಎಂಜಿನ್ ಎತ್ತರವಾಗಿ, ಬಾನೆಟ್ಟನ್ನೂ ಎತ್ತರಿಸಬೇಕಾಯಿತಂತೆ. ನಮ್ಮಲ್ಲಿ ಮಹೀಂದ್ರ ಕಂಪನಿಯವರು ಆ ಮಾದರಿಯನ್ನು ದಶಕಗಳ ಕಾಲ ತಯಾರಿಸಿದರು. ಯುದ್ಧವಾದರೋ 1945ರಲ್ಲೇ ಮುಗಿದಿತ್ತು.

ಇತಿಹಾಸ ಕಲಿಸಿದವನಿಗೆ ಇದಕ್ಕಿಂತ ಮುಜುಗರ ಬೇರೆ ಉಂಟೇ? ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಆಕೆ ನಕ್ಕಳು.

"ಅಪ್ಪಗ ಗೊತ್ತಿತ್ತು. ಎತ್ತು ಮಾರಿ ತಂದ ಗಾಡಿ ಅದು. ನೀ ಎರಡು ದಿನ ಉಣ್ಣಲಿಲ್ಲ. ನಿನ್ನ ಸಮಾಧಾನಕ್ಕ ಹಂಗ ಹೇಳಿದ್ರು."

ಎತ್ತುಗಳ ನೆನಪಿದೆ, ಅತ್ತದ್ದು ಮಾತ್ರ ನೆನಪಿಲ್ಲ. ಮುದ್ದೇಬಿಹಾಳದವರು ದಯಮಾಡಿ ಆ ಪಾಠವನ್ನು ತಿದ್ದಿಕೊಳ್ಳಿರಿ.