ನಿಧಾನವಾಗಿ ಹತ್ತಿದ ಗುಡ್ಡ

ಮಗಳ ಬಾಣಂತನಕ್ಕೆಂದು ಮಂಗಳೂರಿನಿಂದ ವೇಲ್ಸ್‌ಗೆ ಹೋದವಳು ನಾನು. ಕಾರ್ಡಿಫ್‌ನ ಆ ಪುಟ್ಟ ಮನೆಯಲ್ಲಿ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿದೆ. ಮಗಳಿಗೆ ಮೆಂತೆ ಗಂಜಿ ಮಾಡಿಕೊಟ್ಟೆ. ಮಗು ಗುಂಡಗಾಯಿತು. ಮಗಳು ಮಾತ್ರ ದಿನದಿಂದ ದಿನಕ್ಕೆ ಮೌನಿಯಾದಳು. ಕಿಟಕಿಯ ಪರದೆ ಸರಿಸಲೂ ಅವಳಿಗೆ ಮನಸ್ಸಿರಲಿಲ್ಲ. "ನಾವೂ ಹೆತ್ತವರೇ, ಇದಕ್ಕೆಲ್ಲ ಅಳುವುದುಂಟಾ?" ಎಂದು ಒಮ್ಮೆ ಗದರಿಯೂ ಬಿಟ್ಟೆ. ಹೆರಿಗೆಯ ನಂತರ ಬರುವ ಖಿನ್ನತೆಯಿದು ಎಂದು ವೈದ್ಯೆ ಹೇಳಿದಾಗ ನಾಚಿಕೆಯಾಯಿತು. ಔಷಧಿಯ ಜೊತೆಗೆ, ಸಾಧ್ಯವಾದಷ್ಟು ಹೊರಗೆ ನಡೆದಾಡಲಿ ಎಂದೂ ಅವರು ಹೇಳಿದ್ದರು.

ಮಗುವಿಗೆ ಐದು ತಿಂಗಳಾದಾಗ, ಮೇ ತಿಂಗಳ ಒಂದು ಶನಿವಾರ, ಕ್ರಿಕ್‌ಹೌವೆಲ್‌ಗೆ ಹೊರಟೆವು. ಅಬರ್ಗವೆನ್ನಿವರೆಗೆ ರೈಲು, ಅಲ್ಲಿಂದ ಸುಮಾರು ಹತ್ತು ಕಿ.ಮೀ. ಬಸ್ಸು. ಅಸ್ಕ್ ನದಿಯ ದಡದಲ್ಲಿರುವ ಸಣ್ಣ ಸಂತೆ ಪಟ್ಟಣವದು. ಮುರಿದ ಕೋಟೆ, ಒಂದು ಹಳೆಯ ಕಲ್ಲಿನ ಸೇತುವೆ, ಬೀದಿಯ ಎರಡೂ ಬದಿಗೆ ಅಂಗಡಿಗಳು. ಊರಿನ ಹಿಂದೆ, ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ ನಿಂತಿದೆ ಟೇಬಲ್ ಮೌಂಟನ್. ಎತ್ತರ 451 ಮೀಟರ್. ವೇಲ್ಸ್ ಭಾಷೆಯಲ್ಲಿ ಅದಕ್ಕೆ 'ಹೌವೆಲನ ದಿಬ್ಬ' ಎಂಬರ್ಥದ ಹೆಸರು. ಊರಿಗೂ ಆ ಹೆಸರೇ ಬಂದಿದೆ.

ರಸ್ತೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಅರಾವ್' ಎಂದು ಬರೆದಿತ್ತು. "ಹಾಗೆಂದರೇನು?" ಎಂದೆ. "ನಿಧಾನ ಅಂತ, ಮಾಮಿ" ಎಂದ ಅಳಿಯ. ನಿಧಾನವೇ ಪ್ರಧಾನ ಎಂದು ನಮ್ಮಲ್ಲಿ ಹೇಳುವ ಮಾತು ನೆನಪಾಯಿತು. ನನ್ನ ಮಂಡಿನೋವಿಗೂ ಅದೇ ಬೇಕಿತ್ತು.

ಮಗುವನ್ನು ಎದೆಗೆ ಕಟ್ಟಿಕೊಂಡು ಅಳಿಯ ಮುಂದೆ ನಡೆದ. ತೊರೆಯ ಪಕ್ಕದ ಕಣಿವೆ ಹಾದಿ, ಆಮೇಲೆ ಕುರಿ ಮೇಯುವ ಹೊಲಗಳು. ಹೊಲ ಖಾಸಗಿಯವರದಾದರೂ ಗುರುತು ಹಾಕಿದ ಕಾಲುಹಾದಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಉಂಟಂತೆ. ಗೇಟನ್ನು ತೆರೆದವರು ಮುಚ್ಚಿಕೊಂಡು ಹೋಗಬೇಕು, ಅಷ್ಟೆ. ಮಗಳು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. "ನನ್ನಿಂದಾಗದು ಉಮ್ಮಾ" ಎಂದು ಒಂದು ಕಡೆ ಕುಳಿತೇ ಬಿಟ್ಟಳು. ಈ ಸಲ ನಾನು ಗದರಲಿಲ್ಲ. ಪಕ್ಕದಲ್ಲಿ ಕುಳಿತು ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟೆ. ಬಹಳ ಹೊತ್ತಿನ ನಂತರ ಅವಳೇ ಬಾಯಿಬಿಟ್ಟಳು: "ಮಗುವನ್ನು ಎತ್ತಿಕೊಳ್ಳುವಾಗ ನನಗೆ ಏನೂ ಅನಿಸುವುದಿಲ್ಲ. ನಾನು ಕೆಟ್ಟ ತಾಯಿಯಾ?" ಏನು ಹೇಳಲಿ? ಅವಳ ಕೈ ಹಿಡಿದುಕೊಂಡೆ. ಆಮೇಲೆ ಅವಳೇ ಎದ್ದಳು.

ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ, ಕಬ್ಬಿಣ ಯುಗದ ಕೋಟೆಯ ಕಲ್ಲುರಾಶಿ. ಕೆಳಗೆ ಹಾವಿನಂತೆ ಹರಿಯುವ ನದಿ. ಆಚೆ 596 ಮೀಟರಿನ ಶುಗರ್ ಲೋಫ್ ಬೆಟ್ಟ. ಅಲ್ಲೇ ಲುಹರ್ ನಮಾಝ್ ಮಾಡಿದೆವು. ಊರಲ್ಲಿ ಪಶ್ಚಿಮಕ್ಕೆ ನಿಲ್ಲುವ ನಾನು ಇಲ್ಲಿ ಆಗ್ನೇಯಕ್ಕೆ ಮುಖಮಾಡಿದೆ.

ಅಳಿಯ ಊರಿನ ಪಶ್ಚಿಮಕ್ಕೆ ಕೈ ತೋರಿಸಿದ. ಅಲ್ಲಿರುವ ಗ್ವರ್ನ್‌ವೇಲ್ ಎಂಬ ಮನೆ ಜಾರ್ಜ್ ಎವರೆಸ್ಟ್‌ರ ಕುಟುಂಬದ್ದಾಗಿತ್ತಂತೆ. ಭಾರತದ ನೆಲವನ್ನು ಅಳೆದ ಆ ಸರ್ವೇ ಅಧಿಕಾರಿಯ ಹೆಸರನ್ನೇ 1865ರಲ್ಲಿ ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಇಟ್ಟರು. ಅವರಿಗಿಂತ ಮೊದಲು ಆ ಕೆಲಸ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದವರು ವಿಲಿಯಂ ಲ್ಯಾಂಬ್ಟನ್. ಅವರು ನಮ್ಮ ಮಂಗಳೂರಿನವರೆಗೂ ಅಳೆದು ಬಂದರು. 400 ಮೈಲಿ ಎಂದು ನಂಬಿದ್ದ ದೂರ ಅಳೆದು ನೋಡಿದಾಗ ಸುಮಾರು 360 ಮೈಲಿ ಇತ್ತಂತೆ! "ಅಂದುಕೊಂಡಷ್ಟು ದೂರ ಇರಲಿಲ್ಲ ಅನ್ನು" ಎಂದಳು ಮಗಳು. ತಿಂಗಳುಗಳ ನಂತರ ಅವಳ ತುಟಿಯಲ್ಲಿ ನಗು ಕಂಡೆ.

ಹತ್ತಿದ ದಾರಿ ಬಿಟ್ಟು ಇನ್ನೊಂದು ಮಗ್ಗುಲಿನಿಂದ ಇಳಿದೆವು. ಅದೊಂದು ಸುತ್ತು ಹಾದಿ. ಹೊರಟಲ್ಲಿಗೇ ತಂದು ಬಿಡುತ್ತದೆ. ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ಸೇತುವೆಗೆ ಹೋದೆವು. ಅದಕ್ಕೆ ಒಂದು ಬದಿಯಿಂದ 13, ಇನ್ನೊಂದು ಬದಿಯಿಂದ 12 ಕಮಾನುಗಳು. ಮಗಳು ಗಂಡನಿಂದ ಮಗುವನ್ನು ತಾನಾಗಿಯೇ ಎತ್ತಿಕೊಂಡು, ಅದರ ಪುಟ್ಟ ಬೆರಳು ಹಿಡಿದು ಕಮಾನುಗಳನ್ನು ಎಣಿಸತೊಡಗಿದಳು.

ಒಂದು ನಡಿಗೆಯಿಂದ ಕಾಯಿಲೆ ವಾಸಿಯಾಗಲಿಲ್ಲ. ಔಷಧಿ ಇನ್ನೂ ಎಷ್ಟೋ ತಿಂಗಳು ಬೇಕಾಯಿತು. ಆದರೆ ಮರುದಿನ ಬೆಳಿಗ್ಗೆ ನಾನು ಏಳುವ ಮುನ್ನವೇ ಕಿಟಕಿಯ ಪರದೆ ಸರಿದಿತ್ತು. ಸಹೋದರಿಯರೇ, ನಿಮ್ಮ ಮನೆಯ ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ ಗದರಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ. ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ, ನಿಧಾನವಾಗಿ ಜೊತೆಗೆ ನಡೆಯಿರಿ.