ಬೀಟೆಯ ಬದಲು ಮತ್ತಿ

ಈ ಸಲದ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಮೂರು ದಶಕ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಷ್ಟ್ರಿಗೆ ಎಲೆಕ್ಟ್ರಿಕ್ ಗಿಟಾರಿನ ಉಸಾಬರಿ ಏಕೆ ಎಂದು ಕೇಳಿಯಾರು. ಕಳೆದ ವರ್ಷ ನಮ್ಮ ಮನೆಯಲ್ಲಿ ಎದ್ದ ಒಂದು ಪ್ರಶ್ನೆ ನನ್ನನ್ನು ಆ ವಾದ್ಯದ ಬೆನ್ನು ಹತ್ತುವಂತೆ ಮಾಡಿತು. ಆಗ ತಿಳಿದುಕೊಂಡ ಸಂಗತಿಗಳು ನಿಮ್ಮಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬಂದಾವು ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಮಗಳ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಐದು ವರ್ಷಗಳಿಂದ ಎರವಲು ತಂದ ಸಾದಾ ಗಿಟಾರಿನಲ್ಲಿ ಶ್ರದ್ಧೆಯಿಂದ ಅಭ್ಯಾಸ ಮಾಡಿದವನು. ಅವನ ಮನಸ್ಸು 1960ರ ದಶಕದ ಮಾದರಿಯ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್ ಮೇಲೆ ನೆಟ್ಟಿತ್ತು. ಅಂದಿನ ಅಸಲು ಗಿಟಾರುಗಳು ಇಂದು ಹತ್ತಾರು ಲಕ್ಷ ರೂಪಾಯಿಗೆ ಸಂಗ್ರಾಹಕರ ಪಾಲಾಗುತ್ತವೆ. ಅದೇ ಅಚ್ಚಿನಲ್ಲಿ ಅಮೆರಿಕದಲ್ಲಿ ಈಗ ತಯಾರಾಗುವ ಪ್ರತಿಗೂ ಅಂಗಡಿಯವರು ಎರಡು ಲಕ್ಷಕ್ಕೂ ಮೇಲೆ ಹೇಳಿದರು. ಹುಡುಗ ಸಣ್ಣ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟಿದ್ದು 40 ಸಾವಿರ. ನಮ್ಮ ಅಳಿಯಂದಿರು ಸಾಲ ತೆಗೆದು ತಿಂಗಳ ಕಂತು ಕಟ್ಟಲು ಸಿದ್ಧರಾದರು. ಅದೇ ತಿಂಗಳು ಮೊಮ್ಮಗಳ ಪಿ.ಯು. ಕಾಲೇಜಿನ ಶುಲ್ಕವನ್ನೂ ಕಟ್ಟಬೇಕಿತ್ತು. ಇದು ತಿಳಿದ ಹುಡುಗ "ಬೇಡ ಬಿಡಿ ಅಪ್ಪ" ಎಂದನಂತೆ. ಆಮೇಲೆ ಒಂದು ವಾರ ಗಿಟಾರನ್ನೇ ಮುಟ್ಟಲಿಲ್ಲವಂತೆ. "ಅಪ್ಪಾ, ನೀವೇ ಅವನಿಗೆ ಒಂದು ಮಾತು ಹೇಳಿ" ಎಂದು ಮಗಳು ದೂರವಾಣಿ ಮಾಡಿದಳು.

ಸಾಲ ಮಾಡಬಾರದು ಎನ್ನುವುದು ನನಗೆ ಸ್ಪಷ್ಟವಿತ್ತು. ಆದರೆ ಅಗ್ಗದ್ದನ್ನು ಕೊಂಡರೆ ತನ್ನ ಐದು ವರ್ಷದ ಶ್ರಮಕ್ಕೆ ತಾನೇ ಕಡಿಮೆ ಬೆಲೆ ಕಟ್ಟಿದಂತೆ ಎಂಬ ಭಾವನೆ ಆ ಹುಡುಗನಲ್ಲಿ ಬೇರೂರಿತ್ತು. ಅದನ್ನು ಉಪದೇಶದಿಂದ ಕೀಳಲಾಗದು. ಹಾಗಾಗಿ ಆ ವಾದ್ಯದಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಅರಿಯಲು ಇಬ್ಬರೂ ಒಟ್ಟಿಗೆ ಕುಳಿತೆವು.

ಮೊದಲು ಇತಿಹಾಸ. ಈ ಗಿಟಾರನ್ನು ರೂಪಿಸಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದವರು; ಸ್ವತಃ ಗಿಟಾರ್ ನುಡಿಸಲು ಬಾರದವರು. ಹಿಂದಿನ ಗಿಟಾರುಗಳಲ್ಲಿ ದಂಡಿಯನ್ನು ಒಡಲಿಗೆ ಅಂಟಿನಿಂದ ಕೂಡಿಸುತ್ತಿದ್ದರು. ಫೆಂಡರ್ ಅದನ್ನು ನಾಲ್ಕು ತಿರುಪುಗಳಿಂದ ಬಿಗಿದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು, ಕಾರ್ಖಾನೆಯಲ್ಲಿ ಬೇಗ ತಯಾರಿಸಬಹುದು ಎಂಬುದು ಅವರ ಲೆಕ್ಕಾಚಾರ. 1954ರಲ್ಲಿ ಸ್ಟ್ರ್ಯಾಟೋಕ್ಯಾಸ್ಟರ್ ಹೊರಬಂದಾಗ ಅದು ದುಡಿಯುವ ವಾದ್ಯಗಾರರಿಗಾಗಿ ಮಾಡಿದ ಕಾರ್ಖಾನೆಯ ಸರಕು. 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಬಿಳಿಯ ಗಿಟಾರೂ 1968ರಲ್ಲಿ ತಯಾರಾದದ್ದು. ಅವರ ಕೈಯಲ್ಲಿ ಅದು ಹೊಸ ವಾದ್ಯವೇ ಆಗಿತ್ತು. "ಹಾಗಾದರೆ ಅವರು ಯಾರೂ ವಿಂಟೇಜ್ ನುಡಿಸಲಿಲ್ಲವೇ ಅಜ್ಜ?" ಎಂದು ಹುಡುಗ ಕೇಳಿದ. ಅಂದು ಮೊದಲ ಬಾರಿಗೆ ಅವನ ಮುಖ ಕೊಂಚ ಅರಳಿತು.

ಇನ್ನು ವಿಜ್ಞಾನ. ಹತ್ತನೆಯ ತರಗತಿಯಲ್ಲಿ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದಾಗ ಗ್ಯಾಲ್ವನೋಮೀಟರಿನ ಮುಳ್ಳು ಅತ್ತಿತ್ತ ಓಲಾಡಿದ್ದು ನಿಮಗೆ ನೆನಪಿರಬೇಕು. ಫ್ಯಾರಡೆ 1831ರಲ್ಲಿ ಕಂಡುಕೊಂಡ ಆ ನಿಯಮವೇ ಎಲೆಕ್ಟ್ರಿಕ್ ಗಿಟಾರಿನ ಜೀವಾಳ. ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ 7-8 ಸಾವಿರ ಸುತ್ತುಗಳು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ವೀಣೆಯಲ್ಲಿ ಹಲಸಿನ ಕೊಡವೇ ನಾದವನ್ನು ಹಿಗ್ಗಿಸುತ್ತದೆ. ಇಲ್ಲಿ ಒಡಲು ಗಟ್ಟಿ ಹಲಗೆ. ಕಿವಿಗೆ ಬೀಳುವ ನಾದದ ದೊಡ್ಡ ಪಾಲು ಪಿಕಪ್ ಮತ್ತು ಆಂಪ್ಲಿಫೈಯರಿನದು, ಅವೆರಡಕ್ಕೂ ಮೊದಲು ನುಡಿಸುವ ಬೆರಳಿನದು. ಆದ್ದರಿಂದ ಹಣವೆಲ್ಲ ಗಿಟಾರಿಗೇ ಸುರಿದು ಆಂಪ್ಲಿಫೈಯರಿಗೆ ಏನೂ ಉಳಿಸದಿರುವುದು ಸಲ್ಲದು ಎಂದು ನಿರ್ಧರಿಸಿದೆವು.

ಅಗ್ಗದ ದಾರಿಗಳು ಹಲವಿದ್ದವು. 1970ರ ದಶಕದಲ್ಲಿ ಜಪಾನಿನ ತಯಾರಕರು ಫೆಂಡರ್ ಗಿಟಾರುಗಳ ಅತ್ಯುತ್ತಮ ನಕಲುಗಳನ್ನು ಮಾಡಿ ಮಾರತೊಡಗಿದರು. ಆ ಪೈಪೋಟಿಗೆ ಉತ್ತರವಾಗಿ ಫೆಂಡರ್ ಕಂಪನಿ 1982ರಲ್ಲಿ ಜಪಾನಿನಲ್ಲಿಯೇ ತಯಾರಿಕೆ ಆರಂಭಿಸಿ, ಸ್ಕ್ವಾಯರ್ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಯ ಗಿಟಾರುಗಳನ್ನು ಹೊರತಂದಿತು. ಇಂದು ಅದರಲ್ಲಿ ಹಲವು ಶ್ರೇಣಿಗಳಿವೆ. ಕೆಳಗಿನ ಅಫಿನಿಟಿ ಶ್ರೇಣಿಯ ಪಿಕಪ್‌ಗಳಲ್ಲಿ ಸೆರಾಮಿಕ್ ಅಯಸ್ಕಾಂತ. 2008ರಲ್ಲಿ ಆರಂಭವಾದ ಕ್ಲಾಸಿಕ್ ವೈಬ್ ಶ್ರೇಣಿಯಲ್ಲಿ ಹಳೆಯ ಗಿಟಾರುಗಳಂತೆಯೇ ಆಲ್ನಿಕೋ, ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹ. ಅದರ ಮೇಲೆ ಮೆಕ್ಸಿಕೋದಲ್ಲಿ ತಯಾರಾದವು. ಅವು ಇನ್ನೂ ದುಬಾರಿಯಾಗಿದ್ದವು. ಕ್ಲಾಸಿಕ್ ವೈಬ್ ಸುಮಾರು 50 ಸಾವಿರಕ್ಕೆ ಸಿಗುವಂತಿತ್ತು.

ಇಲ್ಲಿ ಒಂದು ಸಂಗತಿ ನನಗೆ ವಿಶೇಷ ಸಂತೋಷ ಕೊಟ್ಟಿತು. ಸ್ಟ್ರ್ಯಾಟೋಕ್ಯಾಸ್ಟರಿನಲ್ಲಿ ಬೆರಳಾಡುವ ಹಲಗೆಗೆ 1959ರಿಂದ ರೋಸ್‌ವುಡ್, ಅಂದರೆ ಬೀಟೆಯ ಜಾತಿಯ ಮರ, ಬಳಕೆಗೆ ಬಂತು. ಮೊದಲು ಬ್ರೆಜಿಲಿನದು, ಮುಂದೆ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಭಾರತದ ಬೀಟೆ. 2017ರ ಜನವರಿಯಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಬೀಟೆಯ ಕುಲದ ಎಲ್ಲ ಮರಗಳ ಸಾಗಾಟಕ್ಕೂ ನಿರ್ಬಂಧ ಬಂತು. ಸಿದ್ಧವಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ರಿಯಾಯಿತಿ ದೊರೆತರೂ ಅಷ್ಟರಲ್ಲಿ ಅಗ್ಗದ ಗಿಟಾರುಗಳ ತಯಾರಕರು ಬೇರೆ ಮರಗಳತ್ತ ಹೊರಳಿದ್ದರು. ಸ್ಕ್ವಾಯರ್ ಆರಿಸಿಕೊಂಡದ್ದು ಇಂಡಿಯನ್ ಲಾರೆಲ್. ಮರದ ವ್ಯಾಪಾರದಲ್ಲಿ ಈ ಹೆಸರಿನಿಂದ ಕರೆಯುವುದು ಬೇರೆ ಯಾವುದನ್ನೂ ಅಲ್ಲ, ಮೊಸಳೆಯ ಬೆನ್ನಿನಂಥ ತೊಗಟೆಯ ನಮ್ಮ ಮತ್ತಿಯನ್ನು! ನಮ್ಮ ಮಲೆನಾಡಿನ ಮನೆಯ ಮಂಚ ಬೀಟೆಯದು. ಆ ಮಂಚದ ಮೇಲಿನ ಮಾಡನ್ನು ಹೊತ್ತ ತೊಲೆಗಳು ಮತ್ತಿಯವು. ಇದನ್ನು ಮೊಮ್ಮಗನಿಗೆ ಹೇಳಿ, "ತೊಲೆಯನ್ನು ಯಾರೂ ಮಂಚದ ಬಡ ನೆಂಟ ಅನ್ನುವುದಿಲ್ಲ ಮಾರಾಯ" ಎಂದೆ. ಮತ್ತಿ ಆಗ್ನೇಯ ಏಷ್ಯಾದಲ್ಲಿಯೂ ಬೆಳೆಯುವುದರಿಂದ ಆ ಹಲಗೆ ನಮ್ಮ ಕಾಡಿನದೇ ಎನ್ನಲಾಗದು. ಬಣ್ಣ ಬೀಟೆಗಿಂತ ತುಸು ತಿಳಿ. ಬೆರಳಿಗೆ ಅದರಿಂದ ತೊಡಕಿಲ್ಲ.

ಅಂಗಡಿಗೆ ನಾವು ಮೂವರು ಹೋದೆವು. ನನ್ನ ಶ್ರೀಮತಿ ಚಿಕ್ಕಂದಿನಲ್ಲಿ ವೀಣೆ ಕಲಿತವಳು. ಅವಳನ್ನು ಗೋಡೆಯತ್ತ ಮುಖ ಮಾಡಿ ಕೂರಿಸಿ, ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ದುಬಾರಿ ಗಿಟಾರಿನಲ್ಲಿಯೂ ಸ್ಕ್ವಾಯರಿನಲ್ಲಿಯೂ ಹುಡುಗ ಒಂದೇ ತುಣುಕನ್ನು ನುಡಿಸಿದ. "ಒಂದು ಸ್ವಲ್ಪ ಮೃದು, ಇನ್ನೊಂದು ಸ್ವಲ್ಪ ತೀಕ್ಷ್ಣ. ಎರಡರಲ್ಲೂ ಕೈ ಇವನದೇ" ಎಂದಳು. ವ್ಯತ್ಯಾಸವೇ ಇಲ್ಲವೆಂದು ನಾನು ಹೇಳಲಾರೆ. ದುಬಾರಿ ವಾದ್ಯದ ತೆಳುವಾದ ಮೆರುಗೆಣ್ಣೆ, ದಂಡಿಯ ಅಂಚಿನ ನಯ, ಮರುಮಾರಾಟದ ಬೆಲೆ ಇವೆಲ್ಲ ನಿಜವೇ. ಆದರೆ ಒಂದೂವರೆ ಲಕ್ಷದ ಸಾಲಕ್ಕೆ ತೂಗುವಷ್ಟು ಅಂತರ ನಮಗೆ ಕಾಣಲಿಲ್ಲ.

ಒಂದೇ ಮಾದರಿಯ ಮೂರು ಗಿಟಾರುಗಳನ್ನು ತರಿಸಿ ನೋಡಿದೆವು. ಅಗ್ಗದವುಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಚಿದೆಯೇ ಎಂದು ನೋಡಬೇಕು. ಮೆಟ್ಟಿಲುಗಳ ತುದಿ ಅಂಗೈಗೆ ಚುಚ್ಚಬಾರದು. ತಂತಿಯ ನಾದಿಸುವ ಉದ್ದ 648 ಮಿಲಿಮೀಟರ್. ಅದರ ನಡುವೆ, 12ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ಬಿಡಿ ತಂತಿಯ ಸ್ವರದ ತಾರಸ್ಥಾಯಿ ನಿಖರವಾಗಿ ಬರಬೇಕು. ಬಾರದಿದ್ದರೆ ಕುದುರೆಯ ತಿರುಪನ್ನು ಹೊಂದಿಸಬಹುದು. ದಂಡಿ ಬಾಗಿದ್ದರೆ ಅದರೊಳಗಿನ ಉಕ್ಕಿನ ಸಲಾಕೆಯನ್ನು ಬಿಗಿದು ನೇರ ಮಾಡಬಹುದು. ತಿರುಚಿದ ದಂಡಿಗೆ ಮಾತ್ರ ಸುಲಭದ ಮದ್ದಿಲ್ಲ. ಪಿಕಪ್, ಬಿರಡೆ, ಒಳಗಿನ ತಂತಿ ಜೋಡಣೆ ಎಲ್ಲವನ್ನೂ ಮುಂದೆ ಒಂದೊಂದಾಗಿ ಬದಲಿಸಬಹುದು. ಈ ಅನುಕೂಲವೂ ಲಿಯೋ ಫೆಂಡರರ ಆ ತಿರುಪುಗಳ ಯೋಚನೆಯಿಂದಲೇ ಬಂದದ್ದು.

ಮೂರನೆಯ ಗಿಟಾರನ್ನು ಹುಡುಗನೇ ಆರಿಸಿದ. ಅವನ 40 ಸಾವಿರಕ್ಕೆ ಅವನ ತಂದೆ ಹತ್ತು, ನಾನು ಹತ್ತು ಸೇರಿಸಿದೆವು. ಅದರಲ್ಲಿಯೇ ಒಂದು ಸಣ್ಣ ಆಂಪ್ಲಿಫೈಯರೂ ಬಂತು. ಮೊಮ್ಮಗಳ ಶುಲ್ಕ ಗಡುವಿನೊಳಗೆ ಸಂದಾಯವಾಯಿತು. ಮನೆಗೆ ಸಾಲದ ಕಂತು ಬರಲಿಲ್ಲ.

ನಿಮ್ಮ ಮಕ್ಕಳೂ ಒಂದು ದಿನ ಇಂಥದ್ದನ್ನು ಕೇಳಿಯಾರು, ಅದು ಗಿಟಾರೇ ಆಗಬೇಕೆಂದಿಲ್ಲ. "ಆಗಲಿ" ಎನ್ನುವ ಮೊದಲೂ "ಬೇಡ" ಎನ್ನುವ ಮೊದಲೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವಸ್ತುವಿನ ಲೆಕ್ಕ ಬಿಡಿಸಿ. ಮುಂದೆ ಬದಲಿಸಲು ಆಗದ್ದು ಯಾವುದೋ ಅದಕ್ಕೆ ಈಗ ಹಣ ಕೊಡಿ. ಬದಲಿಸಬಹುದಾದದ್ದು ಅವರ ಸಂಪಾದನೆಗಾಗಿ ಕಾಯಲಿ.